ಕ್ಯಾಸಿನೊ ಮೆಂಬರ್ ಕಾರ್ಡ್, ಲಾಸ್ ರಿಬೇಟ್ ಸ್ಕೀಮ್ ದುರುಪಯೋಗ ಮಾಡ್ಕೊಳ್ಳೋರನ್ನ ತಡಿಯೋದು ಹೆಂಗ್ರಿ?

ಹುಬ್ಳಿ_ಟು_ಪಣಜಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಹುಬ್ಬಳ್ಳಿಯಾಂವ, ಆರು ವರ್ಷದಿಂದ ಪಣಜಿಯೊಳಗ ಮಾಂಡವಿ ನದಿ ಮ್ಯಾಲಿನ ಒಂದು ಕ್ಯಾಸಿನೊ ಹಡಗಿನ್ಯಾಗ ಕೆಲಸಕ್ಕಿದೀನಿ, ಮೊದ್ಲ ಡೀಲರ್ ಇದ್ದೆ, ಈಗ ಪಿಟ್ ಸೂಪರ್‌ವೈಸರ್, ಅಂದ್ರ ಆಟದ ಟೇಬಲ್‌ಗಳ ಉಸ್ತುವಾರಿ. ಹಡಗಿನ ಹೆಸರು ಬ್ಯಾಡ.

ನಮ್ಮಲ್ಲಿ ಮೆಂಬರ್ ಕಾರ್ಡಿಗೆ ಪಾಯಿಂಟ್ಸ್ ಅದಾವ, ಮ್ಯಾಲಿನ ದರ್ಜೆಯವ್ರಿಗೆ ರೂಮು ಫ್ರೀ, ಜೊತಿಗೆ ಸೋತ್ರ 10% ವಾಪಸ್ ಕೊಡೋ ರಿಬೇಟ್ ಐತಿ. ಹೋದ ಶನಿವಾರ ರಾತ್ರಿ ಬ್ಯಾಕರಾ ಟೇಬಲ್ಲಿಗೆ ಇಬ್ರು ಬಂದ್ರು, ನಡುವ ಒಂದು ಕುರ್ಚಿ ಖಾಲಿ ಬಿಟ್ಟು ಕುಂತ್ರು, ಒಬ್ರ ಮಾರಿ ಒಬ್ರು ನೋಡ್ಲಿಲ್ಲ. ಆ ಇಸ್ಪೀಟ್ ಆಟದಾಗ ಬ್ಯಾಂಕರ್, ಪ್ಲೇಯರ್ ಅಂತ ಎರಡು ಕಡಿ ಇರ್ತಾವ, ಯಾವುದು ಗೆಲ್ತೈತಿ ಅಂತ ರೊಕ್ಕ ಕಟ್ಟೋದು. ಒಬ್ಬಾಂವ ಬ್ಯಾಂಕರ್ ಮ್ಯಾಲ 5 ಲಕ್ಷ, ಇನ್ನೊಬ್ಬಾಂವ ಪ್ಲೇಯರ್ ಮ್ಯಾಲ 5 ಲಕ್ಷ. ಒಂದ ಕೈ, ಅಂದ್ರ ಒಂದ ಸುತ್ತು. ಒಬ್ಬಾಂವ ಸೋತ, ರಿಬೇಟ್ ಕೇಳಿದ, ಎದ್ದು ಹೋದ. ನಸುಕಿನ ಮೂರಕ್ಕ ನನ್ನ ಶಿಫ್ಟ್ ಮುಗದು ದಂಡಿಗೆ ಹೋಗೋ ಫೀಡರ್ ಬೋಟ್ ಹತ್ತಿದ್ರ, ಅವ್ರಿಬ್ರೂ ಬಾಜೂಕ ಕುಂತು ಒಂದ ಮೊಬೈಲ್‌ನ್ಯಾಗ ಕ್ಯಾಲ್ಕುಲೇಟರ್ ತಗದು ರೊಕ್ಕ ಹಂಚ್ಕೊಳ್ಳಾಕತ್ತಿದ್ರು.

ಇನ್ನೊಂದು, ಕೆಲವ್ರು ಚಿಪ್ಸ್ ಒಂದೊಂದ ಸಾವಕಾಶ ಬ್ಯಾಗಿಗೆ ಇಳಿಸ್ತಾರ, ಆಮ್ಯಾಲ ಎಲ್ಲಾ ಸೋತೆ ಅಂತಾರ. ನಾಕು ಮಂದಿ ದೋಸ್ತರು ಸೇರಿ ಒಬ್ಬನ ಕಾರ್ಡ್ ಮ್ಯಾಲ ಸ್ಲಾಟ್ ಆಡಿ ಅವನ ದರ್ಜೆ ಏರಸೋದೂ ಐತಿ. ನಮ್ಮ ಸಾಹೇಬ್ರು ಸಂಶಯ ಬಂದವ್ರ ಕಾರ್ಡ್ ಎಲ್ಲಾ ಬ್ಲಾಕ್ ಮಾಡ್ರಿ ಅಂತಾರ. ಬೆಳಗಾವಿ, ಹುಬ್ಬಳ್ಳಿ ಕಡಿಂದ ಗಂಡ ಹೆಂಡ್ತಿ ಸುಮ್ನ ಮಜಾಕ್ಕಂತ ಬರ್ತಾರ್ರಿ, ಅವ್ರನ್ನ ಕಳ್ಳರಂಗ ನೋಡೋದು ನನ್ನ ಕಡಿಂದ ಆಗವಲ್ದು. ಏನ್ ಮಾಡ್ಬೇಕು ಹೇಳ್ರಿ.

ಲೆಕ್ಕದ_ಮೇಷ್ಟ್ರು

ಸರ್, ನಾನು ಮೈಸೂರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡ್ತೀನಿ, ಕ್ಯಾಸಿನೊ ಒಳಗೆ ಕಾಲಿಟ್ಟಿಲ್ಲ, ಆದ್ರೆ ಈ ಲೆಕ್ಕ ಮಾಡಿ ನೋಡ್ದೆ, ಜಿಎಸ್‌ಟಿ ಸದ್ಯಕ್ಕೆ ಪಕ್ಕಕ್ಕಿಟ್ಟಿದೀನಿ.

ಮೊದಲು ಪಾಯಿಂಟ್ಸ್ ವಿಷಯ. ಎದುರುಬದುರು ಆಡಿದ್ರೆ ನಿಮಗೆ ನಷ್ಟ ಅನ್ಕೊಂಡಿದೀರ, ಪಾಯಿಂಟ್ಸ್ ಮಟ್ಟಿಗೆ ಅದು ನಿಜ ಅಲ್ಲ. ಬ್ಯಾಕರಾದಲ್ಲಿ ಬ್ಯಾಂಕರ್ ಮೇಲೆ ಮನೆಯ ಪಾಲು (ಕಟ್ಟಿದ ದುಡ್ಡಲ್ಲಿ ಸರಾಸರಿ ಕ್ಯಾಸಿನೊಗೆ ಉಳಿಯೋದು) 1.06%, ಪ್ಲೇಯರ್ ಮೇಲೆ 1.24%. ಇಬ್ಬರು ತಲಾ 10 ಸಾವಿರ ಕಟ್ಟಿ ಗಂಟೆಗೆ 70 ಕೈ ಥರ 4 ಗಂಟೆ ಆಡಿದ್ರೆ ಜೋಡಿಯಿಂದ ನಿಮಗೆ ಸರಾಸರಿ 64 ಸಾವಿರ ಚಿಲ್ಲರೆ ಬಂದೇ ಬರುತ್ತೆ, ಯಾಕಂದ್ರೆ ಬ್ಯಾಂಕರ್ ಗೆದ್ದಾಗೆಲ್ಲ 5% ಕಮಿಷನ್ ಅವರ ಕೈಯಿಂದ ಹೋಗ್ತಾನೇ ಇರುತ್ತೆ. ಅದರಲ್ಲಿ 30% ರೂಮು ಊಟ ಅಂತ ವಾಪಸ್ ಕೊಟ್ರೂ ನೀವು ಲಾಭದಲ್ಲೇ ಇದೀರ. ಎದುರುಬದುರು ಆಡೋದ್ರಿಂದ ಅವರಿಗೆ ಏರಿಳಿತ ಹೋಗುತ್ತೆ ಅಷ್ಟೇ, ನಷ್ಟ ಹೋಗಲ್ಲ.

ತೂತು ಇರೋದು ರಿಬೇಟ್‌ನಲ್ಲಿ. ರಿಬೇಟ್ ಸೋತವನಿಗೆ ಮಾತ್ರ ಸಿಗುತ್ತೆ, ಗೆದ್ದವನು ಏನೂ ಬಿಟ್ಟುಕೊಡಲ್ಲ. ನಿಮ್ಮ ಶನಿವಾರದ ಜೋಡಿ ತಗೊಳ್ಳಿ, ಒಂದೇ ಕೈ, ರಿಬೇಟ್ 50 ಸಾವಿರ, ಅವರು ಕೊಡೋ ಕಮಿಷನ್ ಸರಾಸರಿ 12 ಸಾವಿರದ ಆಸುಪಾಸು. ಉಳಿದದ್ದು ಅವರ ಜೇಬಿಗೆ. ಅದೇ 5 ಲಕ್ಷನ ಒಂದೊಂದು ಲಕ್ಷದ ಥರ ಒಬ್ಬನ ಹತ್ರ ಖಾಲಿ ಆಗೋ ತನಕ ಆಡಿದ್ರೆ ಟೈ ಬಿಟ್ಟು ಸರಾಸರಿ 25 ಕೈ ಬೇಕು, ಆಗ ಕಮಿಷನ್ನೇ 63 ಸಾವಿರ ದಾಟುತ್ತೆ, ರಿಬೇಟ್ ತಗೊಂಡ್ರೂ ಅವರಿಗೇ ಲುಕ್ಸಾನು! ಅಂದ್ರೆ ಯಾರನ್ನೂ ಬ್ಲಾಕ್ ಮಾಡ್ಬೇಕಿಲ್ಲ, ರಿಬೇಟ್ ಸಿಗಬೇಕಾದ್ರೆ ಕನಿಷ್ಠ ಇಷ್ಟು ಕೈ ಆಡಿರ್ಬೇಕು, ಒಂದು ಕೈಗೆ ಬೈ ಇನ್‌ನ (ಆಡೋಕೆ ಮೊದಲು ಚಿಪ್ಸ್ ತಗೊಂಡ ದುಡ್ಡಿನ) ಇಷ್ಟು ಪಾಲಿಗಿಂತ ಜಾಸ್ತಿ ಕಟ್ಟಿರಬಾರದು ಅಂತ ಬರೆದುಬಿಡಿ, ಆ ಆಟ ತಾನಾಗೇ ನಿಲ್ಲುತ್ತೆ.

ಕಡಲ_ಕ್ಯಾಮೆರಾ

ಮಾರಾಯ್ರೆ, ಮೇಷ್ಟ್ರ ಲೆಕ್ಕ ಸರಿ ಉಂಟು, ಆದ್ರೆ ಚಿಪ್ಸ್ ಬ್ಯಾಗಿಗೆ ಹಾಕುವವರಿಗೆ ಅದು ನಾಟುವುದಿಲ್ಲ. ನಾನು ಮಂಗಳೂರಿನವ, ಕ್ರೂಸ್ ಹಡಗಿನ ಕ್ಯಾಸಿನೊದಲ್ಲಿ ಒಂಬತ್ತು ವರ್ಷ ಸರ್ವೇಲನ್ಸ್ ರೂಮಲ್ಲಿ ಕೂತವ. ಚಿಪ್ಸ್ ಅಡಗಿಸುವವರ ಕೈ ನೋಡ್ಬೇಡಿ, ಡೀಲರಿನ ಟ್ರೇ ನೋಡಿ. ಟ್ರೇಯಿಂದ ಹೋಗಿ ವಾಪಸ್ ಬರದ ದೊಡ್ಡ ಬೆಲೆಯ ಚಿಪ್ಸ್ ಎಷ್ಟು, ಎದ್ದು ಹೋಗುವಾಗ ಆಟಗಾರನ ಎದುರು ಎಷ್ಟಿತ್ತು, ಎರಡೂ ತಾಳೆ ಆಗದಿದ್ರೆ ಆ ಚಿಪ್ಸ್ ಎಲ್ಲಿಯೋ ನಡ್ಕೊಂಡು ಹೋಗಿದೆ ಅಂತ ಲೆಕ್ಕ. ಆಮೇಲೆ ಅರ್ಧ ಗಂಟೆಯಲ್ಲಿ ಕೇಜಿಗೆ (ಚಿಪ್ಸ್ ನಗದು ಮಾಡುವ ಕೌಂಟರಿಗೆ) ಯಾರು ಅಷ್ಟೇ ಚಿಪ್ಸ್ ತಂದ್ರು ನೋಡಿ. ಹೆಚ್ಚಾಗಿ ಆ ಟೇಬಲ್ಲಲ್ಲಿ ಕೂತೇ ಇರದ ಒಬ್ಬರು ತಂದಿರ್ತಾರೆ. ನಮ್ಮಲ್ಲಿ ಒಬ್ಬ ಹೆಂಗಸು ರಾತ್ರಿಯಿಡೀ ಜ್ಯೂಸ್ ಕುಡಿಯುತ್ತಾ ಗಂಡನ ಹಿಂದೆ ನಿಂತಿರ್ತಿದ್ರು, ಗ್ಲಾಸ್ ಇಡ್ಲಿಕ್ಕೆ ಬಗ್ಗಿದಾಗೆಲ್ಲ ಒಂದು ಚಿಪ್ ಕಮ್ಮಿ. ನಾವು ಹಿಡಿದದ್ದು ಕ್ಯಾಮೆರಾದಲ್ಲಿ ಅಲ್ಲ, ಕೇಜಿನ ರಸೀದಿಯಲ್ಲಿ.

ಹಾಗಾಗಿ ಕೇಜಲ್ಲಿ ಚಿಪ್ಸ್ ನಗದು ಮಾಡುವಾಗಲೂ ಕಾರ್ಡ್ ಕೇಳುವ ಪದ್ಧತಿ ಮಾಡಿ. ಗೋವಾದಲ್ಲಿ 2020ರ ಫೆಬ್ರವರಿ 1ರಿಂದ ಸ್ಥಳೀಯರಿಗೆ ಪ್ರವೇಶ ಇಲ್ಲ, ಹೊರಗಿನವರಿಗೂ 21 ತುಂಬಿರ್ಬೇಕು, ಅಂದ ಮೇಲೆ ಬಾಗಿಲಲ್ಲಿ ಐಡಿ ನೋಡಿಯೇ ಒಳಗೆ ಬಿಡ್ತೀರಿ. ಒಬ್ಬರಿಗೆ ಒಂದೇ ಕಾರ್ಡ್ ಅಂತ ಅಲ್ಲಿಯೇ ಗಟ್ಟಿ ಮಾಡಿದ್ರೆ ಎರಡೆರಡು ಅಕೌಂಟಿನ ತೊಂದರೆ ಮುಗೀತು.

ಮತ್ತೊಂದು ವಿಷಯ ಯಾರೂ ಬಾಯಿ ಬಿಡುವುದಿಲ್ಲ. ರೇಟಿಂಗ್, ಅಂದ್ರೆ ಯಾರು ಎಷ್ಟು ಕಟ್ಟಿ ಆಡ್ತಾರೆ ಅನ್ನುವ ಲೆಕ್ಕ, ಬರೆಯುವವ ನಮ್ಮವನೇ. ಪಿಟ್‌ನವ ನೋಡುವಾಗ 20 ಸಾವಿರ ಕಟ್ಟಿ, ಆಚೆ ತಿರುಗಿದ ಕೂಡಲೇ 2 ಸಾವಿರಕ್ಕೆ ಇಳಿಯುವವರು ಇದ್ದಾರೆ, ಅದು ಸಣ್ಣದು, ನಿಗದಿ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬಂದು ಸರಾಸರಿ ಬರೆದರೆ ಸರಿಯಾಗ್ತದೆ. ಆದ್ರೆ ಹೋಸ್ಟ್ (ದೊಡ್ಡ ಗಿರಾಕಿಗಳನ್ನು ನೋಡಿಕೊಳ್ಳುವ ಕ್ಯಾಸಿನೊದವ) ತನ್ನ ಗಿರಾಕಿ ರೇಟಿಂಗ್ ತಾನೇ ಏರಿಸಿ ತಾನೇ ಕಾಂಪ್ (ಫ್ರೀ ರೂಮು, ಊಟ) ಕೊಡುವುದು ದೊಡ್ಡದು. ರೇಟಿಂಗ್ ಬರೆಯುವವ ಬೇರೆ, ರೂಮು ಕೊಡುವವ ಬೇರೆ ಇರ್ಲೇಬೇಕು.

ಜರ್ಸಿ_ಕನ್ನಡಿಗ

ರಿಬೇಟ್ ಎಷ್ಟು ಡೇಂಜರ್ ಅಂತ ಅಮೆರಿಕದ ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಕ್ಯಾಸಿನೊ ಊರು ಅಟ್ಲಾಂಟಿಕ್ ಸಿಟಿ ಕಲ್ತಿದ್ದು 2011ರಲ್ಲಿ. ಡಾನ್ ಜಾನ್ಸನ್ ಅನ್ನೋ ಬ್ಲ್ಯಾಕ್‌ಜಾಕ್ ಆಟಗಾರ ಸೋತ್ರೆ 20% ವಾಪಸ್ ಅಂತ ಚೌಕಾಸಿ ಮಾಡಿದ, ಜೊತೆಗೆ ಟೇಬಲ್ ರೂಲ್ಸ್ ಕೂಡ ತನಗೆ ಅನುಕೂಲ ಆಗೋ ಹಾಗೆ ಒಂದೊಂದಾಗಿ ಬದಲಾಯಿಸ್ಕೊಂಡ. ಆರ್ಥಿಕ ಕುಸಿತದ ನಂತರ ದೊಡ್ಡ ಗಿರಾಕಿ ಸಿಗದೆ ಕ್ಯಾಸಿನೊಗಳು ಒಪ್ಕೊಂಡ್ವು. ಟ್ರಾಪಿಕಾನಾದಲ್ಲಿ ಒಂದೇ ರಾತ್ರಿ ಸುಮಾರು 60 ಲಕ್ಷ ಡಾಲರ್, ಬೋರ್ಗಾಟಾ ಮತ್ತೆ ಸೀಸರ್ಸ್ ಸೇರ್ಸಿದ್ರೆ ಕೆಲವೇ ತಿಂಗಳಲ್ಲಿ ಒಟ್ಟು ಒಂದೂವರೆ ಕೋಟಿ ಡಾಲರ್ ಹತ್ರ ಗೆದ್ದ. ಬಿದ್ದ ಎಲೆ ಲೆಕ್ಕ ಇಡೋ ಕಾರ್ಡ್ ಕೌಂಟಿಂಗ್ ಇಲ್ಲ, ಮೋಸ ಇಲ್ಲ, ಅವರೇ ಸಹಿ ಹಾಕಿ ಕೊಟ್ಟ ಷರತ್ತು. ಅದಕ್ಕೇ ನಿಮ್ಮ ಶನಿವಾರದ ಇಬ್ಬರನ್ನೂ ನಾನು ಕಳ್ಳರು ಅನ್ನಲ್ಲ, ನಿಮ್ಮ ಸ್ಕೀಮ್ ಬರೆದವರನ್ನ ಕೇಳಿ ಅಂತೀನಿ.

ಒಂದು ಸೇರ್ಸಿ, ರಿಬೇಟ್‌ನ ದಿನದ ಲೆಕ್ಕಕ್ಕೆ ಕೊಡಬೇಡಿ. ಇವತ್ತು ಸೋತು ವಾಪಸ್ ತಗೊಂಡು ನಾಳೆ ಗೆದ್ದು ಪೂರ್ತಿ ಇಟ್ಕೊಳ್ತಾರೆ. ಇಡೀ ಟ್ರಿಪ್ ಅಥವಾ ಮೂರು ತಿಂಗಳ ಗೆಲುವು ಸೋಲು ಕೂಡಿ ಕಳೆದು, ಉಳಿದ ಸೋಲಿಗೆ ಮಾತ್ರ ಕೊಡಿ, ಅದೂ ನಗದು ಬೇಡ, ಮುಂದಿನ ಸಲ ಆಡೋಕೆ ಚಿಪ್ಸ್ ಕೊಡಿ.

ಶಿರಸಿ_ಅಕ್ಕ

ಮುಂದಿನ ಸಲ ಆಡೋಕೆ ಅಂತ ಕೊಡೋದು ಕ್ಯಾಸಿನೊಗೆ ಒಳ್ಳೇದೇ ಇರ್ಬಹುದು ತಮ್ಮಾ, ನಮ್ಮನೇಲಿ ಅದೇ ಮುಳುವಾಯ್ತು. ನಮ್ಮ ಭಾವ ಗೋಲ್ಡ್ ಕಾರ್ಡ್ ತಪ್ಪಿಹೋಗುತ್ತೆ ಅಂತ ಅಡಿಕೆ ಮಾರಿದ ದುಡ್ಡು ತಗೊಂಡು ಗೋವಾಕ್ಕೆ ಹೋಗ್ತಿದ್ರು, ನಾವು ಫೋನ್ ಮಾಡ್ಬೇಡಿ ಅಂತ ಹೇಳಿದ ಮೇಲೂ ಹೋಸ್ಟ್ ಫೋನ್ ಬಿಡಲಿಲ್ಲ, ನಿಮ್ಮ ಚಿಪ್ಸ್ ಅವಧಿ ಮುಗೀತದೆ ಸರ್ ಅಂತ. ಯಾರು ಸ್ಕೀಮ್ ದುರುಪಯೋಗ ಮಾಡ್ತಾರೆ ಅಂತ ನೋಡೋಕೆ ಅಷ್ಟು ಡೇಟಾ ಇದೆಯಲ್ಲ, ಅದೇ ಡೇಟಾದಲ್ಲಿ ಭಾವನಂಥವರೂ ಕಾಣ್ತಾರೆ. ಅವರ ಹೆಸರು ಬಂದಾಗ ಆಫರ್ ನಿಲ್ಲಿಸೋ ಬಟನ್ ಕೂಡ ಇರ್ಲಿ.

ಹುಬ್ಳಿ_ಟು_ಪಣಜಿ

ಎಲ್ಲಾರೂ ಇಷ್ಟು ಕುಂತು ಬರದ್ರಿ, ಭಾಳ ಉಪಕಾರ ಆತು. ಅಕ್ಕಾರ, ನಿಮ್ಮದು ಓದಿ ಮನಸ್ಸಿಗೆ ಹತ್ತಿತ್ರಿ. ಬಂದ್ ಮಾಡ್ರಿ ಅಂತ ಮನಿಯವ್ರು ಹೇಳಿದ್ರ ಆಫರ್ ಮೆಸೇಜ್, ಫೋನು ಎರಡೂ ನಿಲ್ಲಬೇಕು ಅಂತ ನಾನ ಬರದು ಕೊಡ್ತೀನಿ, ಸಾಹೇಬ್ರು ಒಪ್ಪತಾರೋ ಬಿಡತಾರೋ.

ಸೋಮವಾರ ಮೀಟಿಂಗ್ ಐತಿ. ಕನಿಷ್ಠ ಕೈ, ಟ್ರಿಪ್ ಲೆಕ್ಕ, ಕೇಜ್‌ನ್ಯಾಗ ಕಾರ್ಡ್, ರೇಟಿಂಗ್ ಬ್ಯಾರೆ ಕಾಂಪ್ ಬ್ಯಾರೆ, ಇಷ್ಟು ಇಡ್ತೀನಿ. ಮೇಷ್ಟ್ರ, ಒಂದ ಕೇಳೋದೈತಿ, ದೋಸ್ತರು ಸೇರಿ ಒಂದ ಕಾರ್ಡ್‌ನ್ಯಾಗ ಸ್ಲಾಟ್ ಆಡೋದು ನಮಗ ನಿಜಕ್ಕೂ ಲುಕ್ಸಾನೇನ್ರಿ?

ಲೆಕ್ಕದ_ಮೇಷ್ಟ್ರು

ಪಾಯಿಂಟ್ಸ್ ಎಷ್ಟು ಆಡಿದ್ರೋ ಅಷ್ಟಕ್ಕೇ ನೇರವಾಗಿ ಬಂದ್ರೆ ಲುಕ್ಸಾನಿಲ್ಲ, ನಾಲ್ಕು ಜನ ಆಡಿದ್ರೂ ಒಟ್ಟು ಅಷ್ಟೇ. ಮೇಲಿನ ದರ್ಜೆಗೆ ಹೋದ ಹಾಗೆ ಒಂದು ರೂಪಾಯಿಗೆ ಸಿಗೋದು ಜಾಸ್ತಿ ಆಗುತ್ತಾ ಅಂತ ನೋಡಿ, ಆಗೋದಾದ್ರೆ ಅಲ್ಲಿ ಸೋರ್ತಿದೆ. ನಿಮ್ಮ ದರ್ಜೆ ಪಟ್ಟಿ ಹಾಕಿ, ಕೂತು ನೋಡೋಣ.