ಇಡೀ ಕುರಿ ಕೊಂಡು ಪಾಲು ಮಾಡಿಕೊಳ್ಳೋದು: ಮಾಡಿದವರ ಅನುಭವ

ಪ್ರಶ್ನೆ:

ನಾವಿರೋದು ಬೆಂಗಳೂರಿನ ಕೆಂಗೇರಿ ಕಡೆ, ಅಪಾರ್ಟ್‌ಮೆಂಟಿನಲ್ಲಿ. ಬಯಲಲ್ಲಿ ಮೇಯ್ದ ಕುರಿಯನ್ನೋ ಮೇಕೆಯನ್ನೋ ಸಾಕಿದವರಿಂದಲೇ ಕೊಂಡು ನಾಲ್ಕು ಮನೆಯವರು ಪಾಲು ಮಾಡಿಕೊಳ್ಳೋಣ ಅಂತ ಮಾತಾಗಿದೆ. ಅಂಗಡಿಗಿಂತ ಅಗ್ಗ ಬೀಳುತ್ತಾ? ದುಡ್ಡು ಕೊಡೋದು ಜೀವದ ತೂಕಕ್ಕಾ, ಮಾಂಸದ ತೂಕಕ್ಕಾ? ನಿಜವಾಗಿ ಮೇಯಿಸಿದ್ದೋ ಶೆಡ್ಡಲ್ಲಿ ಕಟ್ಟಿ ಬೆಳೆಸಿದ್ದೋ ಹೇಗೆ ಗೊತ್ತಾಗುತ್ತೆ? ಮಿಕ್ಕಿದ್ದನ್ನ ಫ್ರೀಜರಲ್ಲಿ ಎಷ್ಟು ದಿನ ಇಡಬಹುದು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮಳವಳ್ಳಿ ಕಡೆಯವರು:

ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ, ಗುಡ್ಡೆ ಬಾಡು ಅಂತಾರೆ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಬೀದಿ ಬೀದಿಯಲ್ಲೂ ನಡೆಯುತ್ತೆ. ಹತ್ತಾರು ಮನೆಯವರು ದುಡ್ಡು ಹಾಕಿ ಟಗರು ತರ್ತಾರೆ, ನಸುಕಿಗೇ ಕೊಯ್ದು ಟಾರ್ಪಾಲ್ ಹಾಸಿ ಗುಡ್ಡೆ ಹಾಕ್ತಾರೆ. ಗುಡ್ಡೆ ಹಾಕೋದರಲ್ಲೇ ಇಡೀ ವ್ಯವಹಾರದ ನ್ಯಾಯ ಇರೋದು. ಮೊದಲು ತೊಡೆ ಮಾಂಸವನ್ನ ಎಲ್ಲಾ ಗುಡ್ಡೆಗೂ ಒಂದೊಂದು ಹಿಡಿ ಹಾಕಬೇಕು. ಆಮೇಲೆ ಪಕ್ಕೆ, ಆಮೇಲೆ ಕತ್ತು ಮತ್ತು ಮುಂಗಾಲು. ಲಿವರನ್ನ ಗುಡ್ಡೆಯ ಲೆಕ್ಕಕ್ಕೇ ತುಂಡು ಮಾಡಿ ಒಂದೊಂದು ಇಡಬೇಕು. ಎಲ್ಲಾ ಆದಮೇಲೆ ತಕ್ಕಡಿಗೆ ಹಾಕಿ ಹೆಚ್ಚು ಕಡಿಮೆ ಸರಿದೂಗಿಸೋದು. ತಲೆ ಕಾಲು ಪಾಲಾಗಲ್ಲ, ಬೇಕಾದವರು ಬೆಲೆ ಕೂಗಿ ತಗೊಂಡರೆ ಆ ದುಡ್ಡು ಒಟ್ಟು ಲೆಕ್ಕಕ್ಕೆ ಸೇರುತ್ತೆ. ಚರ್ಮ ಯಾರಿಗೆ, ಕೊಯ್ಯೋರ ಕೂಲಿ ಎಷ್ಟು ಅನ್ನೋದನ್ನ ಹಿಂದಿನ ದಿನವೇ ಮಾತಾಡಿಕೊಳ್ಳಿ.

ಅಗ್ಗ ಬೀಳುತ್ತೆ ಅಂತ ಮಾತ್ರ ಹೊರಡಬೇಡಿ. ಲೆಕ್ಕ ಹಾಕಿ ನೋಡಿ. 28 ಕೆಜಿ ತೂಗೋ ಟಗರು, ಜೀವದ ತೂಕ ಕೆಜಿಗೆ 400 ರೂಪಾಯಿ ಅಂತ ಇಟ್ಟುಕೊಂಡರೆ 11,200 ಆಯ್ತು. ನಮ್ಮ ಕುರಿ ಮೇಕೆಗಳಲ್ಲಿ ಮೂಳೆ ಸಮೇತ ಮಾಂಸ ಬೀಳೋದು ಜೀವದ ತೂಕದ ನೂರಕ್ಕೆ 45ರಿಂದ 50. ಅಂದರೆ ಸುಮಾರು 13 ಕೆಜಿ. ಭಾಗಿಸಿದರೆ ಕೆಜಿಗೆ 860 ರೂಪಾಯಿ, ಅದರ ಮೇಲೆ ಗಾಡಿ ಬಾಡಿಗೆ, ಕೂಲಿ. ತಲೆ, ಕಾಲು, ಲಿವರ್, ಬೋಟಿ ಕಳೆದರೆ ಒಂದಿಷ್ಟು ಇಳಿಯುತ್ತೆ, ಆದರೂ ಅಂಗಡಿ ರೇಟಿನ ಹತ್ತಿರಹತ್ತಿರವೇ. ಲಾಭ ಇರೋದು ಬೇರೆ ಕಡೆ. ಯಾವ ಪ್ರಾಣಿ, ಎಷ್ಟು ಪ್ರಾಯದ್ದು, ಏನು ಮೇಯ್ದು ಬೆಳೀತು, ಯಾವಾಗ ಕೊಯ್ದರು, ಇಷ್ಟೂ ನಿಮಗೆ ಗೊತ್ತಿರುತ್ತೆ. ನನ್ನ ಮಟ್ಟಿಗೆ ಆ ದುಡ್ಡಿಗೆ ಅದೇ ಸಾಕು.

ಜೀವದ ತೂಕಕ್ಕೆ ಕೊಳ್ಳೋದಾದರೆ ಬೆಳಿಗ್ಗೆ ಮೇಯೋಕೆ ಬಿಡೋ ಮುಂಚೆ ತೂಗಿಸಿ. ಸಂಜೆ ಹೊಟ್ಟೆ ತುಂಬ ಮೇಯ್ದು ನೀರು ಕುಡಿದು ಬಂದಾಗ ತೂಗಿದರೆ ಎರಡು ಮೂರು ಕೆಜಿ ಹೊಟ್ಟೆಯೊಳಗಿನ ಹುಲ್ಲಿಗೇ ದುಡ್ಡು ಕೊಟ್ಟ ಹಾಗೆ. ಮಾಂಸದ ತೂಕಕ್ಕೆ ಒಪ್ಪುವವರು ಸಿಕ್ಕರೆ ಅದೇ ಒಳ್ಳೇದು. ಆದರೆ ತಲೆ, ಬೋಟಿ, ಒಳಗಿನ ಕೊಬ್ಬು ಆ ತೂಕದೊಳಗೆ ಸೇರುತ್ತೋ ಇಲ್ಲವೋ ಬಿಡಿಸಿ ಕೇಳಿ.

ಇನ್ನೊಂದು ಮಾತು. "ಬನ್ನೂರು ಕುರಿ" ಅಂದ ತಕ್ಷಣ ಕೆಜಿಗೆ ನೂರಿನ್ನೂರು ಜಾಸ್ತಿ ಹೇಳ್ತಾರೆ. ಬಂಡೂರು ಅಂತಲೂ ಕರೆಯೋ ಆ ತಳಿಯಲ್ಲಿ ಅಪ್ಪಟದ್ದು ಈಗ ಕಡಿಮೆ, ಮಾರುಕಟ್ಟೆಗೆ ಬರೋದು ಹೆಚ್ಚಿನವು ಬೆರಕೆ. ಅಪ್ಪಟದ್ದು ಗಿಡ್ಡ ಕಾಲು, ಅಗಲ ಬೆನ್ನು, ಗಂಡಿಗೂ ಕೊಂಬಿರಲ್ಲ. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವೆ ಬೋರಲು ಹಾಕಿದ ಲಾಳದ ಹಾಗೆ ಕಾಣುತ್ತೆ. ಅದರ ಮಾಂಸಕ್ಕೆ ರುಚಿ ಬರೋದು ಎಳೆಗಳ ನಡುವೆ ಕೊಬ್ಬು ಹರಡಿರೋದರಿಂದ. ಗೊತ್ತಿಲ್ಲದೆ ಹೆಸರಿಗೆ ದುಡ್ಡು ಸುರಿಯೋದಕ್ಕಿಂತ ಚೆನ್ನಾಗಿ ಮೇಯ್ದ ನಾಟಿ ಮರಿ ಎಷ್ಟೋ ವಾಸಿ.

ಸಿರಾ ಕಡೆಯವರು (ಕುರಿ ಸಾಕೋ ಮನೆತನ):

ಮೇಯಿಸಿದ್ದು ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ರಲ್ಲ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೇಳದೆ ಹೋಗಿ. ಹಟ್ಟಿ ಖಾಲಿ ಇರಬೇಕು. ಎಳೇ ಮರಿಗಳು, ಈಯೋಕಾದವು, ಕಾಯಿಲೆಯವು ಮಾತ್ರ ಇರಬೇಕು. ದೊಡ್ಡವೆಲ್ಲ ಒಳಗೇ ನಿಂತು ಗೋದಲಿಗೆ ಬಾಯಿ ಹಾಕಿದ್ದರೆ ಅದು ಶೆಡ್ ಸಾಕಣೆ. ಅದು ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಮೇಯಿಸಿದ್ದು ಅಂತ ಹೇಳಿ ಮಾರಬಾರದು.

ಆಮೇಲೆ ಗೊರಸು ನೋಡಿ. ಕಲ್ಲು ಗುಡ್ಡ ತಿರುಗಿದ್ದರ ಗೊರಸು ತಾನಾಗೇ ಸವೆದು ಗಿಡ್ಡವಾಗಿರುತ್ತೆ, ನಿಂತಲ್ಲೇ ನಿಂತದ್ದರ ಗೊರಸು ಉದ್ದ ಬೆಳೆದು ಮುಂದಕ್ಕೆ ಬಾಗಿರುತ್ತೆ. ಕಾಲಿನ ಕೂದಲಲ್ಲಿ ಉತ್ತರಾಣಿ ಕಾಯಿ ಅಂಟಿದ್ದರೆ ಅದಕ್ಕಿಂತ ಸಾಕ್ಷಿ ಬೇಡ. ಬಾಯಿ ಬಿಡಿಸಿ ಹಲ್ಲು ನೋಡೋದು ಬಿಡಬೇಡಿ. ಕೆಳಗಿನ ಮುಂದಿನ ಹಲ್ಲೆಲ್ಲ ಸಣ್ಣ ಹಾಲುಹಲ್ಲೇ ಆಗಿದ್ದರೆ ವರ್ಷದ ಆಸುಪಾಸಿನ ಮರಿ. ನಡುವೆ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷ ದಾಟಿ ಒಂದೂವರೆ ವರ್ಷದವರೆಗಿನದ್ದು. ಪಾಲು ಹಾಕೋಕೆ ಈ ಎರಡರಲ್ಲಿ ಒಂದು ಸಾಕು. ನಾಲ್ಕು ಹಲ್ಲು, ಆರು ಹಲ್ಲಿನದ್ದು ಕುಕ್ಕರಿಗೆ ಹೆಚ್ಚು ಹೊತ್ತು ಕೇಳುತ್ತೆ.

ಹುಲ್ಲು ಮೇಯ್ದದ್ದರ ಕೊಬ್ಬು ಹಳದಿ ಇರುತ್ತೆ ಅಂತ ಪೇಟೆಯವರು ಬಂದು ಹುಡುಕ್ತಾರೆ. ಅದು ದನದ ಮಾತು. ಕುರಿ ಮೇಕೆಯ ಕೊಬ್ಬು ಏನು ಮೇಯ್ದರೂ ಬಿಳಿಯೇ ಇರೋದು.

ಮೇಕೆ ತಗೊಳ್ಳೋದಾದರೆ ವರ್ಷದೊಳಗಿನದ್ದೋ ಬೀಜ ಒಡೆಸಿದ್ದೋ ನೋಡಿ. ಬಲಿತ ಹೋತದ ನಾತ ಮಾಂಸಕ್ಕೂ ಬರುತ್ತೆ. ಸುಲಿಯುವಾಗ ಚರ್ಮ ಮುಟ್ಟಿದ ಕೈಯಲ್ಲೇ ಮಾಂಸ ಮುಟ್ಟಿದರಂತೂ ಇನ್ನೂ ಹೆಚ್ಚು. ಕುರಿಗೆ ಹುಲ್ಲೇ ಇಷ್ಟ, ಮೇಕೆ ತಲೆ ಎತ್ತಿ ಜಾಲಿ, ಬಾರೆ, ಆಲದ ಸೊಪ್ಪು ಕೀಳುತ್ತೆ. ಹಾಗಾಗಿ ಬೇಸಿಗೆಯಲ್ಲಿ ಬಯಲು ಒಣಗಿದಾಗಲೂ ಮೇಕೆ ಅಷ್ಟು ಸೊರಗಲ್ಲ. ಕುರಿ ಮೈ ತುಂಬಿಕೊಳ್ಳೋದು ಮಳೆ ಹುಲ್ಲು ಮೇಯ್ದಮೇಲೆ, ದೀಪಾವಳಿಯಿಂದ ಸಂಕ್ರಾಂತಿವರೆಗೆ. ಬೆನ್ನುಮೂಳೆ ಮೇಲೆ ಕೈ ಒತ್ತಿ ನೋಡಿ, ಮೂಳೆ ತುದಿ ಬೆರಳಿಗೆ ಚುಚ್ಚಬಾರದು.

ಹೊಸತೊಡಕು, ಬಕ್ರೀದ್, ಮಹಾಲಯ ಅಮಾವಾಸ್ಯೆ, ಈ ಮೂರರ ಹಿಂದುಮುಂದು ಬರಬೇಡಿ. ಆಗ ನಾವು ಹೇಳಿದ್ದೇ ರೇಟು. ಶ್ರಾವಣದಲ್ಲಿ ಕೇಳೋರೇ ಕಡಿಮೆ, ನಿಮ್ಮ ಮನೆಗಳಲ್ಲಿ ನಡೆಯೋದಾದರೆ ಆಗ ಬನ್ನಿ.

ಬಾಗಲಕೋಟೆ ಕಡೆಯವರು:

ನಮ್ಮ ಕಡಿ ಅಮೀನಗಡ ಸಂತಿ ದೊಡ್ಡದ್ರಿ, ಕುರಿ ಆಡು ರಾಶಿ ರಾಶಿ ಬರ್ತಾವ. ಆದ್ರ ಅಲ್ಲಿ ತೂಕದ ಮಾತಿಲ್ಲ, ಎಲ್ಲಾ ಕಣ್ಣಂದಾಜು. ಹೊಸಬರು ಸಂತಿಗೆ ಹೋಗಿ ಒಂದೇ ಒಂದು ಕುರಿ ಕೊಳ್ಳಾಕ ಹೋಗಬ್ಯಾಡ್ರಿ, ನಡುವಿನ ದಲಾಲರು ಲಾಭ ತಿಂತಾರ. ಅದಕ್ಕಿಂತ ಯಾರ ಹೊಲದಾಗ ಕುರಿ ತರುಬ್ಯಾರ ಅಂತ ಕೇಳ್ರಿ. ಸುಗ್ಗಿ ಆದಮ್ಯಾಲ ಗೊಬ್ಬರಕ್ಕಂತ ರೈತರು ತಮ್ಮ ಹೊಲದಾಗ ಹಿಂಡು ಕೂಡಸ್ತಾರ. ಆ ಹಿಂಡು ದಿನಾ ಬಯಲಾಗ ಮೇಯೋದನ್ನ ಊರೇ ನೋಡಿರ್ತೈತಿ, ಸುಳ್ಳು ಹೇಳಾಕ ಬರಂಗಿಲ್ಲ. ಹೊಲದ ಮಾಲಕನ ಮುಂದ ಮಾತಾಡಿದ್ರ ಕುರುಬರೂ ಸರಿ ದರ ಹೇಳ್ತಾರ.

ಪಶುವೈದ್ಯ ಇಲಾಖೆಯಿಂದ ನಿವೃತ್ತರಾದವರು:

ಮೇಲಿನವರು ಹೇಳಿದ್ದೆಲ್ಲ ಸರಿ. ಆರೋಗ್ಯದ ವಿಷಯ ನಾನು ಹೇಳುತ್ತೇನೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಾಣಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆಳೆದು ಒಳಭಾಗ ನೋಡಿ. ಕೆಂಪಾಗಿದ್ದರೆ ಸರಿ. ಕಾಗದದಂತೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿದೆ ಎಂದು ಅರ್ಥ, ಮೇಯಿಸಿ ಸಾಕಿದ ಹಿಂಡಿನಲ್ಲಿ ಇದು ಸಾಮಾನ್ಯ. ಬಾಲದ ಸುತ್ತ ಹಿಕ್ಕೆ ಮೆತ್ತಿರುವುದು, ಮೂಗು ಸೋರುವುದು, ಹಿಂಡಿನ ಹಿಂದೆ ಉಳಿಯುವುದು ಇದ್ದರೂ ಬೇಡ ಎನ್ನಿ. ಮಳೆಗಾಲ ಮುಗಿಯುವ ಹೊತ್ತಿಗೆ ನೀಲಿ ನಾಲಿಗೆ ರೋಗ ಕಾಣಿಸಿಕೊಳ್ಳುತ್ತದೆ. ಕುರಿ ಮೈದುಂಬುವ ಕಾಲವೂ ಅದೇ ಆದ್ದರಿಂದ ತುಟಿ ಊದಿದೆಯೇ, ಕುಂಟುತ್ತಿದೆಯೇ ನೋಡಲೇಬೇಕು.

ಕೊನೆಯ ಬಾರಿ ಜಂತಿನ ಔಷಧಿ ಕುಡಿಸಿದ್ದು ಯಾವಾಗ, ಸೂಜಿ ಹಾಕಿಸಿದ್ದು ಯಾವಾಗ ಎಂದು ಕೇಳಿ. ಔಷಧಿಯ ಅಂಶ ಮಾಂಸದಿಂದ ಹೋಗಲು ಬೇಕಾದ ದಿನಗಳು ಒಂದೊಂದಕ್ಕೆ ಒಂದೊಂದು. ಸಾಕಿದವರು ಬಾಟಲಿ ತೋರಿಸಿದರೆ ಅದರ ಮೇಲೆಯೇ ಬರೆದಿರುತ್ತದೆ. ಅದು ಸಿಗದಿದ್ದರೆ, ಒಂದು ತಿಂಗಳಿಂದ ಈಚೆಗೆ ಏನೂ ಕೊಟ್ಟಿಲ್ಲದ ಪ್ರಾಣಿಯನ್ನು ಆರಿಸಿಕೊಳ್ಳಿ ಎಂದು ನಾನು ಹೇಳುತ್ತಿದ್ದೆ.

ಕೊಯ್ದ ಮೇಲೆ ಲಿವರ್ ಮತ್ತು ಶ್ವಾಸಕೋಶವನ್ನು ಬೆಳಕಿಗೆ ಹಿಡಿದು ನೋಡಿ. ನೀರು ತುಂಬಿದ ಬಿಳಿ ಗುಳ್ಳೆಗಳು ಇದ್ದರೆ ಆ ಅಂಗವನ್ನು ಎಸೆಯಿರಿ, ಆದರೆ ನಾಯಿಗೆ ಮಾತ್ರ ಹಾಕಬೇಡಿ. ಸುಡಿ ಅಥವಾ ಆಳವಾಗಿ ಹೂಳಿ. ಆ ಗುಳ್ಳೆಯೊಳಗಿರುವುದು ನಾಯಿಯ ಕರುಳಿಗೆ ಸೇರಿದರೆ ಅಲ್ಲಿ ಹುಳುವಾಗಿ ಬೆಳೆದು, ಅದರ ಮೊಟ್ಟೆ ಕುರಿಗೂ ಮನುಷ್ಯರಿಗೂ ಬರುತ್ತದೆ. ಕೆರೆಯಂಗಳದಲ್ಲಿ ಮೇಯುವ ಕುರಿಗಳ ಲಿವರಿನಲ್ಲಿ ಎಲೆಯಾಕಾರದ ಚಪ್ಪಟೆ ಹುಳುಗಳೂ ಕಾಣುತ್ತವೆ, ಅಲ್ಲಿನ ಬಸವನಹುಳುಗಳ ಮೂಲಕ ಅವು ಬರುವುದು.

ಸಾಗಿಸುವಾಗ ಕಾಲು ಕಟ್ಟಿ ಸ್ಕೂಟರಿನಲ್ಲಿ ತಲೆಕೆಳಗಾಗಿ ನೇತುಹಾಕಿ ತರುವುದು ಕ್ರೌರ್ಯ. ಹಾಗೆ ಬೆದರಿ ದಣಿದ ಪ್ರಾಣಿಯ ಮಾಂಸ ಕಪ್ಪಾಗಿ ಬಿಗಿಯಾಗುತ್ತದೆ, ಬೇಗ ಕೆಡುತ್ತದೆ. ಹಿಂದಿನ ದಿನವೇ ತಂದು ನೆರಳಲ್ಲಿ ಬಿಟ್ಟು ನೀರು ಕೊಡಿ, ರಾತ್ರಿ ಮೇವು ಬೇಡ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕೊಯ್ಯಿಸುವ ಯೋಚನೆ ಬಿಡಿ. ನಗರದೊಳಗೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಆಗಬೇಕು. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನಗಳಲ್ಲಿ ಅದೂ ಮುಚ್ಚಿರುತ್ತದೆ, ದಿನ ಗೊತ್ತುಮಾಡುವ ಮೊದಲು ಕ್ಯಾಲೆಂಡರ್ ನೋಡಿ.

ಮೈಸೂರಿನ ಗೃಹಿಣಿ:

ಫ್ರೀಜರ್ ಬಗ್ಗೆ ನಾನು ಹೇಳ್ತೀನಿ, ನಮ್ಮನೆಯಲ್ಲಿ ಹೀಗೆ ತರೋದು ರೂಢಿ. ಮಾಂಸ ಬಂದ ತಕ್ಷಣ ಫ್ರೀಜರಿಗೆ ತುಂಬಬೇಡಿ. ಕೊಯ್ದ ಕೆಲವು ಗಂಟೆಗೆ ಮಾಂಸ ಸೆಟೆದುಕೊಳ್ಳುತ್ತೆ, ಅದು ಸಡಿಲ ಆಗೋ ಮೊದಲೇ ಹೆಪ್ಪುಗಟ್ಟಿಸಿದರೆ ಎಷ್ಟು ವಿಷಲ್ ಕೂಗಿಸಿದರೂ ರಬ್ಬರು. ಅವತ್ತಿನ ಸಾರಿಗೆ ಬೇಕಾದ್ದು ತೆಗೆದು, ಉಳಿದದ್ದನ್ನ ಮುಚ್ಚಿ ಒಂದು ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಿ. ಮಾರನೇ ದಿನ ಫ್ರೀಜರಿಗೆ ಹಾಕಿ.

ತೊಳೆದು ಇಡಬೇಡಿ. ನೀರಿನಂಶ ಐಸಾಗಿ ಕೂತು ರುಚಿ ಕೆಡಿಸುತ್ತೆ. ಒಣ ಬಟ್ಟೆಯಲ್ಲಿ ಒತ್ತಿ, ಒಂದು ಸಲದ ಅಡುಗೆಗೆ ಎಷ್ಟು ಬೇಕೋ ಅಷ್ಟೇ ಕವರಿಗೆ ಹಾಕಿ, ಗಾಳಿ ಹಿಂಡಿ, ಚಪ್ಪಟೆ ಮಾಡಿ, ತಾರೀಕು ಬರೆದು ಒಂದರ ಮೇಲೊಂದು ಜೋಡಿಸಿ. ಸಾರಿನದ್ದು, ಬಿರಿಯಾನಿದು, ಸೂಪಿನ ಮೂಳೆ ಬೇರೆ ಬೇರೆ. ಮೈನಸ್ 18 ಡಿಗ್ರಿಯಲ್ಲಿ ಮೂಳೆ ಮಾಂಸ ಆರು ತಿಂಗಳು ಚೆನ್ನಾಗಿರುತ್ತೆ. ಕೈಮ ಮಾಡಿಸಿದ್ದನ್ನ ಮೂರು ತಿಂಗಳೊಳಗೆ ಮುಗಿಸಿ. ಬೋಟಿ, ಲಿವರ್, ರಕ್ತ ಅವತ್ತೇ ಆಗಬೇಕು. ಕರಗಿಸೋದು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು, ಕರಗಿದ್ದನ್ನ ಮತ್ತೆ ಫ್ರೀಜರಿಗೆ ಹಾಕೋಹಾಗಿಲ್ಲ. ಕರೆಂಟು ಹೋದರೆ ಬಾಗಿಲು ತೆಗೀಬೇಡಿ, ತುಂಬಿದ ಫ್ರೀಜರು ಒಂದು ದಿನ ತಡೆಯುತ್ತೆ. ನಾಲ್ಕು ಪಾಲಾದರೆ ಮನೆಗೆ ಮೂರು ಕೆಜಿ ಬರಬಹುದು, ಮಾಮೂಲಿ ಫ್ರಿಜ್ಜಿನ ಮೇಲ್ಗಡೆ ಖಾನೆ ಸಾಕು. ಇದಕ್ಕೆಂದು ಡೀಪ್ ಫ್ರೀಜರ್ ಕೊಳ್ಳೋ ಅಗತ್ಯ ಇಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿರುವವರು:

ಇಲ್ಲಿ ನಾವು ಕನ್ನಡದ ಐದಾರು ಮನೆಯವರು ಹೀಗೇ ಮಾಡ್ತೀವಿ. ಫಾರಂನವರು ರೇಟು ಹೇಳೋದು ಹ್ಯಾಂಗಿಂಗ್ ವೇಟಿಗೆ, ಅಂದರೆ ಚರ್ಮ, ತಲೆ, ಕರುಳು ತೆಗೆದು ತೂಗುಹಾಕಿದ ತೂಕ. ಕತ್ತರಿಸೋ ಕೂಲಿ ಬೇರೆ. ಸಣ್ಣ ಕಸಾಯಿಖಾನೆಯಲ್ಲಿ ನಿಮಗೆಂದೇ ಕೊಯ್ದುಕೊಟ್ಟರೆ ಪೊಟ್ಟಣದ ಮೇಲೆ "ಮಾರಾಟಕ್ಕಲ್ಲ" ಅಂತ ಮುದ್ರೆ ಇರುತ್ತೆ. ಪ್ರಾಣಿ ಜೀವಂತ ಇರೋವಾಗಲೇ ಕೊಂಡವರ ಹೆಸರಿಗೆ ಆಗಿರಬೇಕು. ಅವರು ಕೊಡೋ ಕಟ್ ಶೀಟಿನಲ್ಲಿ ಮೂಳೆ ಸಮೇತ ಸಣ್ಣ ತುಂಡು ಅಂತ ಸ್ಪಷ್ಟವಾಗಿ ಬರೆಸಿ. ಇಲ್ಲದಿದ್ದರೆ ಇಡೀ ತೊಡೆ ಹಾಗೇ ಬರುತ್ತೆ. ಲಿವರ್, ತಲೆ ಬೇಕು ಅಂತ ಕೇಳದಿದ್ದರೆ ಎಸೆದುಬಿಡ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದೇ ಅನುಮಾನ. ಮೊದಲ ಸಲಕ್ಕೆ ಕುರಿಯಾ, ಮೇಕೆಯಾ? ಮತ್ತೆ ನಮ್ಮಲ್ಲಿ ಒಂದು ಮನೆಯವರು ಲಿವರ್, ಬೋಟಿ ತಿನ್ನಲ್ಲ. ಅವರ ಪಾಲು ಹೇಗೆ?

ಮಳವಳ್ಳಿ ಕಡೆಯವರು:

ಮೊದಲ ಸಲಕ್ಕೆ ಎರಡು ಹಲ್ಲಿನೊಳಗಿನ ಒಂದು ಟಗರು, ಸಾಧ್ಯವಾದರೆ ಕಾರ್ತಿಕ ಕಳೆದಮೇಲೆ. ಮೇಕೆಗೆ ಕೊಬ್ಬು ಕಡಿಮೆ, ಮಕ್ಕಳು ವಯಸ್ಸಾದವರಿದ್ದರೆ ಅದು ಇಷ್ಟ ಆಗಬಹುದು, ಅದನ್ನ ಎರಡನೇ ಸಲ ನೋಡಿ. ಬೋಟಿ ಬೇಡ ಅನ್ನೋ ಮನೆಗೆ ಅದರ ಬದಲು ಮಾಂಸ ಕೊಡೋಕೆ ಹೋದರೆ ಮಿಕ್ಕ ಮೂವರಿಗೆ ತೊಡೆ ಕಡಿಮೆಯಾಗುತ್ತೆ, ಮುನಿಸಿಗೆ ದಾರಿ. ನಾವು ಮಾಡೋದು ಹೀಗೆ: ಲಿವರ್ ಬೋಟಿಗೆ ಅವತ್ತಿನ ಅಂಗಡಿ ಬೆಲೆ ಕಟ್ಟಿ, ಅದರ ನಾಲ್ಕನೇ ಒಂದು ಭಾಗವನ್ನ ಆ ಮನೆಯವರ ದುಡ್ಡಿನಲ್ಲಿ ಮುರಿದುಕೊಂಡು, ತಗೊಂಡವರ ಮೇಲೆ ಹಾಕ್ತೀವಿ. ಹೊರಡೋ ಮುಂಚೆಯೇ ನಾಲ್ವರೂ ಕೂತು ಇದನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಳವಳ್ಳಿ ಕಡೆಗೇ ಬರೋದಾದರೆ ಹಿಂದಿನ ದಿನ ಸಂಜೆ ಬಂದು ಟಗರು ಗುರುತು ಮಾಡಿ ಹೋಗಿ, ತೂಕ ಬೆಳಿಗ್ಗೆ ನಿಮ್ಮ ಕಣ್ಣೆದುರಿಗೇ ಆಗಲಿ.