ಚುನಾವಣೆಗೆ ಪಿಆರ್‌ಓ (ಮತಗಟ್ಟೆ ಅಧ್ಯಕ್ಷಾಧಿಕಾರಿ) ಆರ್ಡರ್ ಬಂದಿದೆ, ಎದೆ ಹೊಡ್ಕೊಳ್ತಿದೆ. ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಪ್ರೌಢಶಾಲೆ ಶಿಕ್ಷಕಿ, ಹಾವೇರಿ ಜಿಲ್ಲೆ

2024ರ ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಮತದಾನ. ನನಗೆ ಪಿಆರ್‌ಓ ಅಂತ ಆರ್ಡರ್ ಬಂದಿದೆ. ಹೋದ ವರ್ಷ ವಿಧಾನಸಭೆ ಚುನಾವಣೆಗೆ ಪೋಲಿಂಗ್ ಆಫೀಸರ್ ಆಗಿದ್ದೆ. ಬೆರಳಿಗೆ ಶಾಯಿ ಹಚ್ಚುವ ಕೆಲಸ, ಆರಾಮಾಗಿ ಮುಗಿದಿತ್ತು. ಈ ಸಲ ಇಡೀ ಮತಗಟ್ಟೆ ನನ್ನ ತಲೆ ಮೇಲೆ. ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ದೊಡ್ಡವರು ಯಾರಾದರೂ ಜೋರು ಮಾಡಿದರೆ ಮಾತ್ರ ಗಂಟಲು ಕಟ್ಟಿಬಿಡುತ್ತದೆ. ಮೊದಲ ಟ್ರೇನಿಂಗ್ ಮುಗಿಸಿ ಬಂದ ರಾತ್ರಿ ನಿದ್ದೆಯೇ ಬರಲಿಲ್ಲ. ಮನೆಯಲ್ಲಿ "ಯಾರನ್ನಾದರೂ ಹಿಡಿದು ಕ್ಯಾನ್ಸಲ್ ಮಾಡಿಸೋಣ" ಅಂತಿದ್ದಾರೆ. ನಮ್ಮ ಹೆಡ್‌ಮಾಸ್ಟರ್ ಮಾತ್ರ "ಹೆದರಿಕೆ ಆಗೋ ಕೆಲಸಾನೇ ಹಿಡೀಬೇಕು ಮೇಡಂ, ಆತ್ಮವಿಶ್ವಾಸ ಬರೋದೇ ಹಾಗೆ" ಅಂತಾರೆ. ನಿಜವಾ ಅದು? ಮಾಡಿದವರು ಅನುಭವ ಹೇಳಿ, ಉಪದೇಶ ಬೇಡ.

ಉತ್ತರ: ಶಿಕ್ಷಕಿ, ಹಾಸನ ಜಿಲ್ಲೆ

ಮೇಡಂ, ನಮ್ಮ ಕಡೆ ಏಪ್ರಿಲ್ 26ಕ್ಕೆ ಮುಗಿಯಿತು. ನಾನೂ ಮೊದಲ ಸಲದ ಪಿಆರ್‌ಓ. ಎಲ್ಲ ಇನ್ನೂ ಕಣ್ಣ ಮುಂದೆ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನದೂ ನಿಮ್ಮದೇ ಕಥೆ. ನಿದ್ದೆ ಇಲ್ಲ, ಊಟ ಸೇರದು. ಒಂದು ಸಂಜೆ ನಮ್ಮಕ್ಕ ತಲೆ ಕೆಟ್ಟು ಕೇಳಿದಳು: "ಭಯ ಭಯ ಅಂತೀಯಲ್ಲ, ಯಾವುದಕ್ಕೆ ಅಂತ ಬಿಡಿಸಿ ಹೇಳು." ಕೂತು ಯೋಚಿಸಿದರೆ ಮೂರೇ ವಿಷಯ. ಮಷಿನ್ ಕೈಕೊಟ್ಟರೆ? ಬಿದ್ದ ಮತಗಳನ್ನು ಬರೆಯುವ 17ಸಿ ಫಾರಂ ಲೆಕ್ಕ ತಾಳೆ ಆಗದಿದ್ದರೆ? ಬೂತಿನಲ್ಲಿ ಕೂರುವ ಪಕ್ಷಗಳ ಏಜೆಂಟರು ಗಲಾಟೆ ಮಾಡಿದರೆ?

ಮೊದಲು ಮಷಿನ್ ಹಿಡಿದೆ. ಟ್ರೇನಿಂಗಿನಲ್ಲಿ ಹಿಂದಿನ ಸಾಲಲ್ಲಿ ಕೂತರೆ ಪರದೆ ಮೇಲಿನ ವಿಡಿಯೋ ಬಿಟ್ಟು ಏನೂ ಕಾಣಲ್ಲ. ಎರಡನೇ ಟ್ರೇನಿಂಗಿನ ದಿನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಮಾಸ್ಟರ್ ಟ್ರೇನರ್ ಹತ್ತಿರ ಹೋದೆ. "ಸರ್, ನಾನೇ ಜೋಡಿಸ್ತೀನಿ, ನೀವು ಸುಮ್ನೆ ನೋಡ್ತಾ ಇರಿ" ಅಂದೆ. ಅವರು ಖುಷಿಯಿಂದಲೇ ಬಿಟ್ಟರು. ಓಟು ಒತ್ತುವ ಬ್ಯಾಲೆಟ್ ಯೂನಿಟ್ಟಿನ ಕೇಬಲ್ ವಿವಿಪ್ಯಾಟ್‌ಗೆ (ಓಟು ಯಾರಿಗೆ ಬಿತ್ತು ಅಂತ ಚೀಟಿ ತೋರಿಸುವ ಪೆಟ್ಟಿಗೆ), ವಿವಿಪ್ಯಾಟ್‌ದು ನಮ್ಮ ಕೈಲಿರುವ ಕಂಟ್ರೋಲ್ ಯೂನಿಟ್‌ಗೆ. ವಿವಿಪ್ಯಾಟ್ ಹಿಂದಿನ ನಾಬ್ ಸಾಗಿಸುವಾಗ ಅಡ್ಡ ಇರುತ್ತದೆ, ಅದನ್ನು ನೆಟ್ಟಗೆ ತಿರುಗಿಸಬೇಕು. ಕಂಟ್ರೋಲ್ ಯೂನಿಟ್ ಸ್ವಿಚ್ ಕೊನೆಗೆ. ಬಿಚ್ಚಿದೆ, ಮತ್ತೆ ಜೋಡಿಸಿದೆ, ಮತ್ತೆ ಬಿಚ್ಚಿದೆ. ಕಣ್ಣು ಬೇರೆ ಕಡೆ ಇದ್ದರೂ ಕೈ ತಾನಾಗಿ ಹೋಗುವಷ್ಟು ಆಯಿತು. ಊಟ ತಣ್ಣಗಾಗಿತ್ತು. ಅವತ್ತು ರಾತ್ರಿ ನಿದ್ದೆ ಬಂತು.

ಆಮೇಲೆ ಅಣಕು ಮತದಾನ. ಏಳು ಗಂಟೆಗೆ ಮತದಾನ ಅಂದರೆ ಐದೂವರೆಗೇ ಏಜೆಂಟರ ಮುಂದೆ ಇದು ಶುರು ಆಗಬೇಕು. ಕನಿಷ್ಠ 50 ಮತ, ನೋಟಾ ಸೇರಿ ಎಲ್ಲ ಬಟನ್ನಿಗೂ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಈ ಕ್ಲಿಯರ್ (ಅಣಕು ಮತ ಅಳಿಸುವುದು) ಮರೆತವರ ಕಥೆ ಪ್ರತಿ ಟ್ರೇನಿಂಗಲ್ಲೂ ಹೇಳಿ ಹೇಳಿ ಹೆದರಿಸುತ್ತಾರೆ. ನಾನು ಒಂದು ರಟ್ಟಿನ ಮೇಲೆ ಆ ಮೂರು ಪದ ದೊಡ್ಡದಾಗಿ ಬರೆದು ಟೇಬಲ್ ಮೇಲೆ ಇಟ್ಟಿದ್ದೆ. ಕ್ಲಿಯರ್ ಆದ ಮೇಲೆ ಟೋಟಲ್ ಒತ್ತಿ ಸೊನ್ನೆ ಬಂದಿದ್ದನ್ನು ಏಜೆಂಟರನ್ನೇ ಕರೆದು ತೋರಿಸಿದೆ. ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಬಿದ್ದ ಚೀಟಿ ತೆಗೆಯುವುದನ್ನೂ ಮರೀಬೇಡಿ. ಹಿಂದೆ ಮುದ್ರೆ ಹಾಕಿ ಕಪ್ಪು ಕವರಿಗೆ ಹಾಕಿ ಸೀಲ್ ಮಾಡಬೇಕು.

ಇನ್ನು ಏಜೆಂಟರು. ಹತ್ತು ಹನ್ನೊಂದರ ಹೊತ್ತು, ಕ್ಯೂ ಅಂಗಳ ದಾಟಿ ಹೊರಗಿನವರೆಗೂ ಇತ್ತು. ಒಬ್ಬ ಹುಡುಗ ಒಳಗೆ ಬಂದ. ಏಜೆಂಟರೊಬ್ಬರು ದಡಕ್ಕನೆ ಎದ್ದು "ಇವನು ಆ ಹೆಸರಿನವನೇ ಅಲ್ಲ, ಓಟು ಹಾಕೋಕೆ ಬಿಡಬೇಡಿ" ಅಂತ ಕೂಗಿದರು. ಇಡೀ ಕ್ಯೂ ನನ್ನ ಕಡೆ ನೋಡಿತು. ನನ್ನ ಬಾಯಿ ಒಣಗಿತ್ತು. ನಿಯಮ ಮಾತ್ರ ಗೊತ್ತಿತ್ತು. "ಆಕ್ಷೇಪಣೆ ಇದ್ದರೆ ಎರಡು ರೂಪಾಯಿ ಕಟ್ಟಿ ಸರ್, ರಸೀದಿ ಕೊಡ್ತೀನಿ. ವಿಚಾರಣೆ ಮಾಡೋಣ" ಅಂದೆ.

"ಎರಡು ರೂಪಾಯಾ?"

"ಹೌದು ಸರ್. ಎರಡೇ ರೂಪಾಯಿ."

ಅವರು ಜೇಬು ತಡಕಿದರು. ಐನೂರರ ನೋಟು ಬಂತು. ಪಕ್ಕದ ಪಕ್ಷದ ಏಜೆಂಟರು "ಚಿಲ್ಲರೆ ನಾ ಕೊಡ್ಲಾ ಅಣ್ಣಾ" ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕು ಕೂತರು. ಹುಡುಗನ ಗುರುತಿನ ಚೀಟಿ, ಪಟ್ಟಿಯಲ್ಲಿದ್ದ ಫೋಟೋ ಎರಡನ್ನೂ ನೋಡಿದೆ, ಸರಿ ಇತ್ತು, ಓಟು ಹಾಕಿ ಹೋದ. ಹೇಳುವಾಗ ನನ್ನ ದನಿ ನಡುಗಿತ್ತು, ಅದು ನನಗೆ ಚೆನ್ನಾಗಿ ಗೊತ್ತು. ಆಮೇಲೆ ನಮ್ಮ ಎಪಿಆರ್‌ಓ (ಸಹಾಯಕ ಅಧ್ಯಕ್ಷಾಧಿಕಾರಿ) ಅವರನ್ನು ಕೇಳಿದರೆ "ಹೌದಾ? ನನಗೇನೂ ಗೊತ್ತಾಗ್ಲಿಲ್ಲ" ಅಂದರು.

17ಸಿ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಗಂಟೆಗೊಮ್ಮೆ ಶೇಕಡಾವಾರು ಕಳಿಸುವಾಗಲೇ ಓಟು ಹಾಕಿದವರನ್ನು ಬರೆಯುವ 17ಎ ರಿಜಿಸ್ಟರ್ ಕೊನೆ ಕ್ರಮಸಂಖ್ಯೆ, ಮಷಿನ್ ಟೋಟಲ್ ಎರಡನ್ನೂ ತಾಳೆ ನೋಡ್ತಾ ಬನ್ನಿ. ಸಂಜೆಗೆ ಹೊಸದಾಗಿ ಹೆದರುವುದಕ್ಕೆ ಏನೂ ಉಳಿಯಲ್ಲ.

ನಿಮ್ಮ ಹೆಡ್‌ಮಾಸ್ಟರ್ ಮಾತು ಅರ್ಧ ಸರಿ ಅನ್ನಿಸುತ್ತೆ ನನಗೆ. ಸುಮ್ನೆ ಹೋಗಿ ಬಿದ್ದಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲ. ಇನ್ನೊಂದು ಸಲ ಜನ್ಮದಲ್ಲಿ ಬೇಡ ಅಂತಿದ್ದೆ.

ಉತ್ತರ: ಪ್ರಾಥಮಿಕ ಶಾಲೆ ಶಿಕ್ಷಕ, ತುಮಕೂರು ಜಿಲ್ಲೆ

ಒಂದು ಮಾತು. ಆರೋಗ್ಯದ ತೊಂದರೆ ಇದ್ದರೆ, ಗರ್ಭಿಣಿ ಆಗಿದ್ದರೆ, ಹಾಲು ಕುಡಿಯೋ ಮಗು ಇದ್ದರೆ ದಾಖಲೆ ಕೊಟ್ಟು ವಿನಾಯಿತಿ ಕೇಳಿ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಹೋದ ಸಲ ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದರು, ನಾನೂ ಕೇಳಿ ತಗೊಂಡೆ. ಬರೀ ಗಂಟಲು ಕಟ್ಟುತ್ತೆ ಅನ್ನೋದಕ್ಕೆ ಯಾರ ಕೈಕಾಲೋ ಹಿಡಿಯೋದಾದರೆ, ಮುಂದಿನ ಸಲವೂ ಹಿಡೀಬೇಕಾಗುತ್ತೆ. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಅಂತ ನಮ್ಮ ನೌಕರಿಯಲ್ಲಿ ಇದು ಮುಗಿಯುವ ಕೆಲಸವಲ್ಲ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ

ತಂಗಿ, ನಮ್ಮ ಕಾಲಕ್ಕೆ ಮಷಿನ್ ಇರಲಿಲ್ಲ. ಕಬ್ಬಿಣದ ಪೆಟ್ಟಿಗೆ, ಮತಪತ್ರದ ಕಟ್ಟು, ಅರಗು, ಮೇಣದಬತ್ತಿ. ಅರಗು ಕರಗಿಸಿ ಸೀಲ್ ಒತ್ತುವಾಗ ಕೈ ಸುಟ್ಟುಕೊಳ್ಳದವರು ಇರಲಿಲ್ಲ ಅನ್ನು. ಒಂದೊಂದು ಮತಪತ್ರದ ಹಿಂದೆ ಸಹಿ ಹಾಕಿ ಹಾಕಿ ಬೆರಳು ಸೆಟೆಯುತ್ತಿದ್ದವು. ಈಗ ಆ ತ್ರಾಸು ಇಲ್ಲ.

ನಿನ್ನ ಹೆಡ್‌ಮಾಸ್ಟರ್ ಹೇಳಿದ್ದು ಕೇಳಲಿಕ್ಕೆ ಚಂದ ಅದ. ನಾನೂ ಆ ಕುರ್ಚಿಯಲ್ಲಿ ಕೂತು ಹಂಗೇ ಹೇಳಿದವನೇ. ಆದರೆ ಹೊಸಬರನ್ನು ಹಂಗೇ ನೀರಿಗೆ ನೂಕಬಾರದು. ನನ್ನ ಮೊದಲ ಚುನಾವಣೆಯಲ್ಲಿ ನಾನು ಪಿಆರ್‌ಓ ಅಲ್ಲ, ಕೆಳಗಿನ ಪೋಲಿಂಗ್ ಆಫೀಸರ್. ನಮ್ಮ ಪಿಆರ್‌ಓ ಒಬ್ಬರು ಹಿರಿಯ ಲೆಕ್ಚರರ್. ಗಲಾಟೆ ಆದರೆ ಅವರು ಮೊದಲು ಪೆನ್ನಿನ ಟೋಪಿ ಹಾಕುತ್ತಿದ್ದರು. ಆಮೇಲೆ ಕನ್ನಡಕ ತೆಗೆಯುತ್ತಿದ್ದರು. ಆಮೇಲೆ "ಏನಂದ್ರಿ? ಸಾವಕಾಶ ಹೇಳ್ರಿ" ಅನ್ನುತ್ತಿದ್ದರು. ಅಷ್ಟರಲ್ಲಿ ಎದುರಿನವನ ಸಿಟ್ಟು ಅರ್ಧ ಇಳಿದಿರುತ್ತಿತ್ತು. ನಾನು ಪಿಆರ್‌ಓ ಆದಾಗ ಮಾಡಿದ್ದೂ ಅದನ್ನೇ. ಪೆನ್ನಿನ ಟೋಪಿ ಹಾಕಿದೆ. ಕನ್ನಡಕ ಇರಲಿಲ್ಲ, ವಾಚ್ ನೋಡಿಕೊಂಡೆ.

ಮತ್ತೊಂದು. ಯಾವ ಬೂತ್ ಅಂತ ನಿನಗೆ ಗೊತ್ತಾಗೋದು ಮಸ್ಟರಿಂಗ್ ದಿನ, ಅಂದರೆ ಸಾಮಗ್ರಿ ಕೊಟ್ಟು ಬೂತಿಗೆ ಕಳಿಸುವ ದಿನ. ನಿನ್ನ ತಂಡದವರು ಯಾರು ಅಂತ ಗೊತ್ತಾದ ಕೂಡಲೇ ಒಟ್ಟಿಗೆ ಚಹಾ ಕುಡೀರಿ. ಯಾರು ಹಿಂದೆ ಎಷ್ಟು ಮಾಡಿದ್ದಾರೆ ಕೇಳು. ಅನುಭವ ಇದ್ದವರು ಒಬ್ಬರಾದರೂ ಸಿಗುತ್ತಾರೆ, ಅವರನ್ನು ಪಕ್ಕಕ್ಕೆ ಇಟ್ಟುಕೋ. ಪಿಆರ್‌ಓ ಎಲ್ಲ ತಿಳಿದಿರಬೇಕು ಅಂತ ಯಾವ ಕಾಯಿದೆಯೂ ಇಲ್ಲ. ಬೂತ್‌ಗಳ ಮೇಲ್ವಿಚಾರಣೆ ನೋಡುವ ಸೆಕ್ಟರ್ ಅಧಿಕಾರಿ ನಂಬರ್ ಬೋರ್ಡ್ ಮೇಲೆ ಬರೆದಿಡು.

ಉತ್ತರ: ಶಿಕ್ಷಕಿ, ಉತ್ತರ ಕನ್ನಡ

ನಾನೂ ಮೇ 7ಕ್ಕೇ ಹೋಗುವವಳು, ಹಿಂದೆಯೂ ಮಾಡಿದ್ದೇನೆ. ಗಂಡಸರು ಇಲ್ಲಿ ಬರೆಯದ ಒಂದು ಭಯ ಇದೆ. ಹಿಂದಿನ ರಾತ್ರಿ ಬೂತಿನಲ್ಲಿ ಮಲಗುವುದು, ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಸ್ನಾನ ಎಲ್ಲಿ, ಶೌಚಾಲಯಕ್ಕೆ ನೀರು ಇದೆಯಾ. ಇದನ್ನು ಆತ್ಮವಿಶ್ವಾಸದ ಕೊರತೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ವ್ಯವಸ್ಥೆ ಸರಿ ಇಲ್ಲದಿದ್ದರೆ ಯಾರಿಗಾದರೂ ಭಯ ಆಗಬೇಕು. ಊರು ಮುಟ್ಟಿದ ಕೂಡಲೇ ಬಿಎಲ್‌ಓ (ಆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು) ಮತ್ತು ಬಿಸಿಯೂಟದ ಅಡುಗೆಯವರನ್ನು ಮಾತಾಡಿಸಿ. ನನಗೆ ಅಡುಗೆಯ ಅಕ್ಕ ಒಬ್ಬರು ತಮ್ಮ ಮನೆಯಲ್ಲಿ ಬಿಸಿನೀರು ಕಾಯಿಸಿ ಕೊಟ್ಟರು, ಅವರ ಮಗಳ ಜೊತೆ ಅಲ್ಲೇ ಮಲಗಲು ಹೇಳಿದರು. ಮಷಿನ್ ಬಿಟ್ಟು ಹೋಗುವಂತಿಲ್ಲ ಅಂತ ನಾನು ಶಾಲೆಯಲ್ಲೇ ಉಳಿದೆ, ಜೊತೆಗೆ ಮಹಿಳಾ ಪೊಲೀಸ್ ಇದ್ದರು. ಟಾರ್ಚ್, ಬೆಡ್‌ಶೀಟ್, ಸೊಳ್ಳೆಬತ್ತಿ, ಚಪ್ಪಲಿ, ಒಂದು ಪ್ಯಾಕೆಟ್ ಪ್ಯಾಡ್ ಇಟ್ಟುಕೊಳ್ಳಿ.

ಉತ್ತರ: ಬಿ.ಇಡಿ. ಉಪನ್ಯಾಸಕ, ದಕ್ಷಿಣ ಕನ್ನಡ

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವಾಗ ಬೊಬೊ ಗೊಂಬೆ ಪ್ರಯೋಗ, ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರೇ 1977ರಲ್ಲಿ ಈ ವಿಷಯವನ್ನೂ ಬರೆದರು. "ಈ ಕೆಲಸ ನನ್ನ ಕೈಲಿ ಆಗುತ್ತೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂತ ಅವರ ವಾದ. ಸ್ವತಃ ಮಾಡಿ ಗೆದ್ದದ್ದು ಎಲ್ಲಕ್ಕಿಂತ ಗಟ್ಟಿ. ನಮ್ಮಂಥವರೇ ಮಾಡಿದ್ದನ್ನು ನೋಡುವುದು, ಬೇರೆಯವರು ಹುರಿದುಂಬಿಸುವುದು, ನಮ್ಮ ಮೈ ಕೊಡುವ ಸೂಚನೆಯನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದು ಉಳಿದ ಮೂರು. ಮೇಲೆ ನೋಡಿ, ಹಾಸನದ ಮೇಡಂ ಊಟ ಬಿಟ್ಟು ಮಷಿನ್ ಜೋಡಿಸಿದ್ದು ಮೊದಲನೆಯದು, ಧಾರವಾಡದ ಸರ್ ಅವರ ಪೆನ್ನಿನ ಟೋಪಿ ಎರಡನೆಯದು. ಹೆಡ್‌ಮಾಸ್ಟರ್ ಮಾತು ಮೂರನೆಯದು. ಬರೀ ಮಾತಿನಿಂದ ಬಂದ ಧೈರ್ಯ ಮೊದಲ ಪೆಟ್ಟಿಗೇ ಇಳಿದುಹೋಗುತ್ತದೆ ಅಂತ ಬಂಡೂರ ಅವರೂ ಎಚ್ಚರಿಸಿದ್ದಾರೆ.

ನನ್ನ ಅನುಭವ ಒಂದನ್ನು ಸೇರಿಸುತ್ತೇನೆ, ಇದು ಯಾರೂ ಹೇಳುವುದಿಲ್ಲ. ಪಿಆರ್‌ಓ ಆಗಿ ಬಂದ ಧೈರ್ಯ ಎಲ್ಲ ಕಡೆ ಕೆಲಸ ಮಾಡಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಈಗ ನೆಟ್ಟಗೆ ನಿಂತು ಮಾತಾಡುತ್ತೇನೆ, ಕಾಗದ ಓದದೆ ಸಹಿ ಹಾಕುವುದಿಲ್ಲ. ಮದುವೆ ಮನೆಯಲ್ಲಿ ಮೈಕ್ ಕೊಟ್ಟರೆ ಮಾತ್ರ ಇವತ್ತಿಗೂ ಹಿಂದಿನ ಬಾಗಿಲು ಹುಡುಕುತ್ತೇನೆ. ಹಾಗಾಗಿ ಒಂದು ಚುನಾವಣೆ ಮುಗಿಸಿದರೆ ಬೇರೆಯದೇ ಮನುಷ್ಯ ಆಗಿಬಿಡುತ್ತೀರಿ ಅಂತ ಕಾಯಬೇಡಿ ಮೇಡಂ. ಜೋರು ದನಿಗೆ ಹೆದರುವುದು ಸ್ವಲ್ಪ ಕಮ್ಮಿ ಆಗಬಹುದು. ನಿಮಗೆ ಬೇಕಿರುವುದೂ ಅದೇ ಅಲ್ವಾ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾನ್ಸಲ್ ಮಾತು ಮನೆಯಲ್ಲಿ ನಿಲ್ಲಿಸಿದ್ದೇನೆ. ಎರಡನೇ ಟ್ರೇನಿಂಗಿಗೆ ಮೊದಲ ಸಾಲಲ್ಲಿ ಕೂರುತ್ತೇನೆ, ಊಟ ಕಟ್ಟಿಕೊಂಡು ಹೋಗುತ್ತೇನೆ! ಹಾಸನದ ಮೇಡಂ ಅವರ ಅಕ್ಕ ಹೇಳಿದ ಹಾಗೆ ಭಯ ಬಿಡಿಸಿ ಬರೆದೆ. ಉಳಿದದ್ದು ಇದೊಂದು: ಯಾರಾದರೂ ಹೊರಗೆ ಬಂದು "ನಾನು ಒತ್ತಿದ್ದೇ ಒಂದು, ವಿವಿಪ್ಯಾಟ್ ಚೀಟಿಯಲ್ಲಿ ಬಂದದ್ದೇ ಇನ್ನೊಂದು" ಅಂತ ಕೂಗಿದರೆ ಏನು ಮಾಡಲಿ? ನೆನೆಸಿಕೊಂಡರೇ ಹೊಟ್ಟೆ ತಿರುಚುತ್ತದೆ.

ಉತ್ತರ: ಶಿಕ್ಷಕಿ, ಹಾಸನ ಜಿಲ್ಲೆ

ಅದಕ್ಕೂ ದಾರಿ ಬರೆದಿಟ್ಟಿದ್ದಾರೆ ಮೇಡಂ, 49ಎಂಎ ನಿಯಮ. ವಾದಕ್ಕೆ ಇಳಿಯಬೇಡಿ. ದೂರು ಸುಳ್ಳಾದರೆ ಶಿಕ್ಷೆ ಇದೆ ಅಂತ ಮೊದಲೇ ತಿಳಿಸಿ, ಅವರಿಂದ ಬರಹದಲ್ಲಿ ಘೋಷಣೆ ತಗೊಳ್ಳಿ. 17ಎಯಲ್ಲಿ ಅವರ ಹೆಸರಿಗೆ ಎರಡನೇ ನಮೂದು ಮಾಡಿ. ಆಮೇಲೆ ನಿಮ್ಮ ಮುಂದೆ, ಏಜೆಂಟರ ಮುಂದೆ ಒಂದು ಪರೀಕ್ಷಾ ಮತ ಹಾಕಿಸಿ, ಚೀಟಿ ಎಲ್ಲರೂ ನೋಡಿ. ಏಳು ಸೆಕೆಂಡ್ ಕಾಣುತ್ತೆ, ಹತ್ತಿರವೇ ನಿಲ್ಲಿ. ದೂರು ನಿಜ ಆಗಿದ್ದರೆ ಮತದಾನ ನಿಲ್ಲಿಸಿ ಮೇಲಿನವರಿಗೆ ತಕ್ಷಣ ತಿಳಿಸಬೇಕು. ಸುಳ್ಳಾದರೆ 17ಎಯಲ್ಲಿ ಷರಾ ಬರೆದು, ಆ ಪರೀಕ್ಷಾ ಮತವನ್ನು 17ಸಿಯಲ್ಲೂ ತೋರಿಸಬೇಕು, ಇಲ್ಲದಿದ್ದರೆ ಸಂಜೆ ಲೆಕ್ಕ ಒಂದು ತಪ್ಪುತ್ತದೆ. ಘೋಷಣೆ ಫಾರಂ ನಿಮ್ಮ ಸಾಮಗ್ರಿಯಲ್ಲೇ ಇರುತ್ತೆ. ಮಸ್ಟರಿಂಗ್‌ನಲ್ಲಿ ಚೀಲ ಎಣಿಸುವಾಗ ಹೊರಗೆ ತೆಗೆದು ಒಂದು ಸಲ ಪೂರ್ತಿ ಓದಿ, ಆಮೇಲೆ ಬಸ್ ಹತ್ತಿ.