ಅಪ್‌ಡೇಟ್: ಟ್ರ್ಯಾಕ್ ಡೇಯಲ್ಲಿ ಮೆತ್ತಗಾಗುತ್ತಿದ್ದ ಬ್ರೇಕ್ ಪೆಡಲ್ ಸರಿಹೋಯಿತು

ಕ್ಲಬ್‌ನ ಟ್ರ್ಯಾಕ್ ಡೇಯಲ್ಲಿ (ರೇಸ್ ಟ್ರ್ಯಾಕ್ ಮೇಲೆ ಸ್ವಂತ ಕಾರು ಓಡಿಸುವ ದಿನ) ಕೆಲವು ಲ್ಯಾಪ್ ಆದಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ತಳಕ್ಕಿಳಿಯುತ್ತದೆ ಎಂದು ಕೇಳಿದ್ದೆನಲ್ಲ, ಈಗ ಗಟ್ಟಿಯಾಗಿ ನಿಲ್ಲುತ್ತಿದೆ. ಬ್ರೇಕ್ ಫ್ಲೂಯಿಡ್ (ಪೆಡಲ್ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ) ಪೂರ್ತಿ ಬದಲಿಸಿ ಎಂದವರದ್ದೇ ಸರಿಯಾದ ಸಲಹೆ. ಅವರಿಗೆ ತುಂಬಾ ಧನ್ಯವಾದ.

ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕ್ಯಾಲಿಪರ್ (ಚಕ್ರದ ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಭಾಗ) ಬಿಸಿಗೆ ಫ್ಲೂಯಿಡ್ ಕುದ್ದರೆ ಆವಿ ಗುಳ್ಳೆಗಳಾಗುತ್ತವೆ, ಪೆಡಲ್ ಒತ್ತಿದರೆ ಅವೇ ಕುಗ್ಗುತ್ತವೆ. ಈಗ ಹಾಕಿರುವುದು ಡಾಟ್ 5.1 (ಹೊಸದಿದ್ದಾಗ 260, ತೇವ ಹೀರಿದ ಮೇಲೆ 180). ಕಾರಿನ ಕೈಪಿಡಿ ಹೇಳಿದ ಕ್ರಮದಲ್ಲೇ ನಾಲ್ಕೂ ಚಕ್ರ ಬ್ಲೀಡ್ ಮಾಡಿ (ಹಳೆ ಫ್ಲೂಯಿಡ್ ಮತ್ತು ಗಾಳಿ ಹೊರಹಾಕಿ). ಆಗ ಫ್ಲೂಯಿಡ್ ತುಂಬುವ ರಿಸರ್ವಾಯರ್ ಖಾಲಿಯಾಗಲು ಬಿಟ್ಟರೆ ಮತ್ತೆ ಗಾಳಿ ಸೇರುತ್ತದೆ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್. ಡಾಟ್ 4, 5.1 ಜೊತೆ ಬೆರೆಯುವುದಿಲ್ಲ.

ಮೊದಲು ಬ್ರೇಕ್ ಪ್ಯಾಡ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ನನಗೆ ಹೊಸದಾಗಿ ತಿಳಿದದ್ದು ಇದೇ: ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾದರೆ ಮೊದಲು ಫ್ಲೂಯಿಡ್ ನೋಡಿ.

ಬ್ರೇಕ್ ತಣಿಯಲು ಕೊನೆಯ ಲ್ಯಾಪ್ ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಓಡಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿ.